ಎರಡು ಮಾತ್ರೆಗಳ ಪರಸ್ಪರ ವರ್ಗಾವಣೆ

ನಮ್ಮಪ್ಪ ಇಪ್ಪತ್ತಾರು ವರ್ಷಗಳಲ್ಲಿ ನಾನೂರ ಹನ್ನೆರಡು ಸುತ್ತೋಲೆಗಳನ್ನು ಹೊರಡಿಸಿದ್ದರು. ಅವುಗಳಲ್ಲಿ ಒಂದನ್ನೂ ಯಾರೂ ಓದಿಲ್ಲ ಎಂಬುದು ನೀರು ಸರಬರಾಜು ಕಚೇರಿಯ ಗೋಡೆಗಳಿಗೂ ಗೊತ್ತಿತ್ತು. ಅಪ್ಪನಿಗೆ ಮಾತ್ರ ಗೊತ್ತಿರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಅಪ್ಪ ಆ ಕಚೇರಿಯ ಹಿರಿಯ ಗುಮಾಸ್ತರು. ಅವರು ಸುತ್ತೋಲೆ ಬರೆದು ಸಾಹೇಬರ ರುಜು ಹಾಕಿಸಿದ ಬೆನ್ನಿಗೇ ಅಟೆಂಡರ್ ಅಕ್ಕ ಟಪಾಲು ಪುಸ್ತಕ ಹಿಡಿದು ಆರೂ ಶಾಖೆಗಳನ್ನು ಸುತ್ತಿ ಬರುತ್ತಾರೆ. 'ಓದಿ ಮನನ ಮಾಡಿಕೊಂಡಿದ್ದೇನೆ' ಎಂಬ ಸಾಲಿನ ಎದುರು ಆರು ಸಹಿ ಬೀಳುತ್ತವೆ. ಸಹಿಯಾದ ಮೇಲೆ ಸುತ್ತೋಲೆ ಆಯಾ ಮೇಜಿನ ಟೀ ಲೋಟದ ಕೆಳಗೆ ಸೇರುತ್ತದೆ. ಸಂಜೆಯ ಹೊತ್ತಿಗೆ ಅದರ ಮೇಲೊಂದು ದುಂಡನೆಯ ಕಂದು ಮುದ್ರೆ. ಅಪ್ಪ ಇತ್ತ ಪುಸ್ತಕದ ಆರು ಸಹಿಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮತ್ತೊಮ್ಮೆ ನೋಡಿ, ಲೋಕ ಒಂದು ಅಂಗುಲ ಸರಿಹೋಯಿತೆಂಬ ಸಮಾಧಾನದಲ್ಲಿ ಮನೆಗೆ ಬರುತ್ತಾರೆ.

ಸುತ್ತೋಲೆಗಳು ಸಾಮಾನ್ಯವಾದವುಗಳಲ್ಲ. ಒದ್ದೆ ಛತ್ರಿಯನ್ನು ಕಡತಗಳ ಮೇಲೆ ಬಿಚ್ಚಿ ಒಣಗಿಸತಕ್ಕದ್ದಲ್ಲ ಎನ್ನುವುದು ಎಂಬತ್ತೇಳನೆಯದು. ಫ್ಯಾನಿನ ಕೆಳಗಿನ ಕುರ್ಚಿ ಯಾರ ಪಿತ್ರಾರ್ಜಿತವೂ ಅಲ್ಲ ಎನ್ನುವುದು ನೂರ ತೊಂಬತ್ತಮೂರು. ಮುನ್ನೂರ ಆರನೆಯದು ಅಪ್ಪನಿಗೆ ಅತ್ಯಂತ ಪ್ರಿಯವಾದದ್ದು: 'ಕಡತದ ಕಪಾಟುಗಳಲ್ಲಿ ಸಕ್ಕರೆ ಡಬ್ಬಿ ಇಡತಕ್ಕದ್ದಲ್ಲ. ಇರುವೆಗಳು ಕಡತಗಳನ್ನು ಓದುವುದಿಲ್ಲವಾದರೂ ಅವುಗಳ ಮೇಲೆ ನಡೆದಾಡುತ್ತವೆ.' ಈ ಕೊನೆಯ ವಾಕ್ಯವನ್ನು ಅವರು ಊಟಕ್ಕೆ ಕೂತಾಗ ನಮಗೆ ಮೂರು ಸಲ ಓದಿ ಹೇಳಿದ್ದರು. ಅಮ್ಮ, "ರೀ, ಸಾರು ಆರ್ತಿದೆ" ಎಂದಿದ್ದಳು.

ಇಂಥ ಅಪ್ಪನಿಗೆ ಸಕ್ಕರೆ ಕಾಯಿಲೆ ಬಂತು.

ಕಚೇರಿಯವರಿಗೆಲ್ಲ ಆರೋಗ್ಯ ತಪಾಸಣೆ ಮಾಡಿಸಬೇಕೆಂದು ಅಪ್ಪನೇ ಸುತ್ತೋಲೆ ಹೊರಡಿಸಿದ್ದರು. ಅದನ್ನು ಪಾಲಿಸಿದ ಏಕೈಕ ನೌಕರರು ಅಪ್ಪನೇ. ಮೂರು ತಿಂಗಳ ಸರಾಸರಿ ಸಕ್ಕರೆ ಒಂಬತ್ತೂವರೆ ಎಂದು ವರದಿ ಬಂತು; ಆರೂವರೆ ಮುಟ್ಟಿದರೇ ಕಾಯಿಲೆ. ನಾನು ಜೀವರಸಾಯನಶಾಸ್ತ್ರದಲ್ಲಿ ಪದವಿ ಮಾಡಿ ಮನೆಯಲ್ಲಿದ್ದೆ. "ನೀನು ಓದಿದ್ದು ಇದನ್ನೇ ತಾನೆ, ನಡಿ" ಎಂದು ಅಪ್ಪ ನನ್ನನ್ನೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರಮ್ಮನ ಮೇಜಿನ ಮೇಲೆ, ಮೈಯಲ್ಲಿ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಪ್ಲಾಸ್ಟಿಕ್ ಮಾದರಿಯೊಂದಿತ್ತು. ಅವರು ಅದನ್ನು ಕೈಗೆತ್ತಿಕೊಂಡರು.

"ನೋಡಿ ಯಜಮಾನ್ರೇ, ನಿಮ್ಮಲ್ಲಿ ಇನ್ಸುಲಿನ್ ಇಲ್ಲ ಅಂತಲ್ಲ. ಇದೆ. ಬೇಕಾದ್ದಕ್ಕಿಂತ ಜಾಸ್ತಿನೇ ಇದೆ. ಆದ್ರೆ ಅದು ಹೇಳೋದನ್ನ ನಿಮ್ಮ ಸ್ನಾಯು, ಕೊಬ್ಬು, ಯಕೃತ್ತು ಯಾವುದೂ ಕೇಳ್ತಾ ಇಲ್ಲ."

"ಕೇಳ್ತಿಲ್ಲ ಅಂದ್ರೆ? ತಲುಪ್ತಾ ಇಲ್ವಾ?"

"ತಲುಪುತ್ತೆ. ಜೀವಕೋಶದ ಬಾಗಿಲಿಗೆ ಹೋಗಿ ಅಂಟಿಕೊಳ್ಳುತ್ತೆ ಕೂಡ. 'ಹೊರಗೆ ರಕ್ತದಲ್ಲಿ ಸಕ್ಕರೆ ನಿಂತಿದೆ, ಒಳಗೆ ತಗೊಳ್ಳಿ' ಅನ್ನುತ್ತೆ. ಬಾಗಿಲಲ್ಲಿ ಒಪ್ಪಿಗೆ ಆಗುತ್ತೆ, ಒಳಗಡೆ ಮಾತ್ರ ಕೆಲಸ ಆಗಲ್ಲ."

ಅಪ್ಪ ಕುರ್ಚಿಯ ತುದಿಗೆ ಬಂದರು. "ಸಹಿ ಆಗಿರುತ್ತೆ. ಆದ್ರೂ ಕೆಲಸ ಆಗಲ್ಲ. ಹಾಗೇನಾ?"

"ಹಾಗೇ ಅಂದ್ಕೊಳ್ಳಿ."

"ಏನ್ ಮಾತು ಅಂತ ಆಡ್ತೀರಿ ಡಾಕ್ಟರಮ್ಮ! ಸಹಿ ಹಾಕಿ ಕೆಲಸ ಮಾಡದೇ ಇರೋ ಕಚೇರಿ ಎಲ್ಲಾದ್ರೂ ಇರುತ್ತಾ?"

ಡಾಕ್ಟರಮ್ಮ ನನ್ನತ್ತ ನೋಡಿದರು. ನಾನು ಪ್ಲಾಸ್ಟಿಕ್ ಗ್ರಂಥಿಯತ್ತ ನೋಡಿದೆ.

"ಹಾಗಿದ್ರೆ ಜ್ಞಾಪನ ಕಳಿಸ್ಬೇಕಪ್ಪ," ಎಂದರು ಅಪ್ಪ. "ಒಂದು ಸಲಕ್ಕೆ ಕೇಳ್ಲಿಲ್ಲ ಅಂದ್ರೆ ಇನ್ನೊಂದು. ಅದಕ್ಕೂ ಕೇಳ್ಲಿಲ್ಲ ಅಂದ್ರೆ ಮತ್ತೊಂದು."

"ಈ ಗ್ರಂಥಿ ಅದನ್ನೇ ಮಾಡ್ತಿರೋದು. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಇನ್ಸುಲಿನ್ ಸುರಿದೂ ಸುರಿದೂ ಸುಸ್ತಾಗ್ತಿದೆ. ಅದಕ್ಕೇ ಈ ಬಿಳೀ ಮಾತ್ರೆ ಕೊಡ್ತೀನಿ. ಇದು ಇನ್ಸುಲಿನ್ನ ಹೆಚ್ಚು ಮಾಡಲ್ಲ. ಇರೋ ಇನ್ಸುಲಿನ್ ಮಾತನ್ನ ಕೇಳೋ ಹಾಗೆ ಮಾಡುತ್ತೆ. ಮುಖ್ಯವಾಗಿ ಯಕೃತ್ತು. ಅದು ನಿಮ್ಮ ಮೈಯ ಉಗ್ರಾಣ. ಯಾರೂ ಕೇಳದೇ ಇದ್ರೂ ಸಕ್ಕರೆ ತೆಗೆದು ರಕ್ತಕ್ಕೆ ಸುರೀತಾ ಇರುತ್ತೆ. ಈ ಮಾತ್ರೆ ಅದರ ಕೈ ಹಿಡಿಯುತ್ತೆ. ಜೊತೆಗೆ ದಿನಾ ಮುಕ್ಕಾಲು ಗಂಟೆ ನಡೀರಿ. ನಡೆದ್ರೆ ಸ್ನಾಯುಗಳ ಕಿವಿ ತೆರೆಯುತ್ತೆ."

ಉಗ್ರಾಣ ಎಂದದ್ದೇ ತಡ, ಅಪ್ಪ ಮೇಜು ಕುಟ್ಟಿದರು. "ಸ್ಟೋರ್ ಕೀಪರ್! ನಂಗೊತ್ತಿತ್ತು. ಎಲ್ಲಿ ನೋಡಿದ್ರೂ ಇದೇ ಕಥೆ."

ಹೊರಡುವ ಮೊದಲು ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಮೂರು ತಿಂಗಳಲ್ಲಿ ಸರಾಸರಿ ಏಳೂವರೆಯ ಒಳಗೆ ಬರಬೇಕು, ಬರದಿದ್ದರೆ ಇನ್ಸುಲಿನ್ ಇಂಜೆಕ್ಷನ್ ಬಗ್ಗೆ ಯೋಚಿಸೋಣ, ಅದೇನು ಶಿಕ್ಷೆಯಲ್ಲ, ಎಷ್ಟೋ ಜನ ಅದರಿಂದಲೇ ಚೆನ್ನಾಗಿದ್ದಾರೆ ಎಂದರು. ಅಪ್ಪ ಮೊದಲರ್ಧ ಮಾತ್ರ ಕೇಳಿಸಿಕೊಂಡರು. ಅಪ್ಪನಿಗೆ ಸೂಜಿಯೆಂದರೆ ಪ್ರಾಣಭಯ. ಕೆಲಸಕ್ಕೆ ಸೇರಿದ ವರ್ಷ ಚುಚ್ಚುಮದ್ದಿನ ಸರದಿಯಲ್ಲಿ ಅವರು ತಮ್ಮ ಮುಂದಿನವನಿಗೆ ಚುಚ್ಚುವುದನ್ನು ನೋಡಿಯೇ ಮೂರ್ಛೆ ಹೋಗಿದ್ದರಂತೆ. ಚುಚ್ಚಿಸಿಕೊಂಡವನೇ ಅವರಿಗೆ ಗಾಳಿ ಬೀಸಿದನಂತೆ.

ಮರುದಿನ ಅಪ್ಪ ನೇರವಾಗಿ ಕಚೇರಿಯ ಉಗ್ರಾಣಕ್ಕೆ ಹೋಗಿ, ಕೇಳದವರಿಗೂ ಪೈಪು, ನಲ್ಲಿ, ವಾಷರ್ ಹಂಚುತ್ತಿದ್ದ ಸ್ಟೋರ್ ಕೀಪರನ ಎದುರು ನಿಂತು, "ನೀನೇ ಕಣಯ್ಯಾ ನನ್ನ ಯಕೃತ್ತು" ಎಂದು ಹಲ್ಲು ಕಚ್ಚಿ ಹೇಳಿ ಬಂದರು. ಸ್ಟೋರ್ ಕೀಪರ್ ಭಾವುಕ ಮನುಷ್ಯ. ಇಪ್ಪತ್ತು ವರ್ಷದಲ್ಲಿ ಯಾರೂ ಅವನನ್ನು ತಮ್ಮ ಅಂಗಾಂಗಕ್ಕೆ ಹೋಲಿಸಿರಲಿಲ್ಲ. ಸಂಜೆ ಅವನು ನಮ್ಮ ಮನೆಗೆ ಎರಡು ಪೊಟ್ಟಣ ಬಿಸ್ಕತ್ತು ಹಿಡಿದುಕೊಂಡು ಬಂದ. "ಅಕ್ಕಾ, ಸಾರ್ ಮನಸ್ಸಲ್ಲಿ ನನಗೆ ಇಂಥ ಜಾಗ ಇದೆ ಅಂತ ಗೊತ್ತಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡ. ಅಮ್ಮ ಬಿಸ್ಕತ್ತನ್ನು ಅಪ್ಪನಿಗೆ ಸಿಗದ ಕಡೆ ಬಚ್ಚಿಟ್ಟಳು.

ಮೂರು ವಾರ ಕಳೆಯಿತು. ಅಪ್ಪ ಬಿಳಿ ಮಾತ್ರೆ ನುಂಗಿದರು, ನಡೆದರು. ನಾನು ವಾರಕ್ಕೊಮ್ಮೆ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಿದ್ದೆ. ಆಗ ಅಪ್ಪ ಮುಖವನ್ನು ಗೋಡೆಗೆ ತಿರುಗಿಸಿ, "ಆಯ್ತಾ? ಆಯ್ತಾ?" ಎನ್ನುತ್ತಿದ್ದರು. ನಾನಿನ್ನೂ ಸೂಜಿಯ ಮುಚ್ಚಳ ತೆಗೆದಿರುತ್ತಿರಲಿಲ್ಲ. ಸಂಖ್ಯೆ ಇಳಿಯುತ್ತಿತ್ತು. ಆದರೆ ಸರ್ಕಾರಿ ಕಡತದ ವೇಗದಲ್ಲಿ.

"ಈ ಮಾತ್ರೆಗೆ ಗತ್ತಿಲ್ಲ," ಎಂದರು ಅಪ್ಪ. "ಹೋಗಿ ಬಾಗಿಲಲ್ಲಿ ನಿಂತ್ಕೊಂಡು 'ಸ್ವಲ್ಪ ಓದಿ ಸಾರ್' ಅಂತ ಬೇಡ್ಕೊಳ್ಳುತ್ತೆ ಅಷ್ಟೆ. ಹೀಗಾದ್ರೆ ಸೂಜಿನೇ ಗತಿ."

"ಇನ್ನೂ ಎರಡು ತಿಂಗಳಿದೆ ಅಪ್ಪಾ, ನಿಧಾನಕ್ಕೆ..." ಎಂದೆ. ನನ್ನ ದನಿ ನನ್ನ ಪಕ್ಕದ ಕುರ್ಚಿಯವರೆಗೂ ಹೋಗುವುದಿಲ್ಲ. ಅಪ್ಪ ಎದುರಿನ ಕುರ್ಚಿಯಲ್ಲಿದ್ದರು.

ಇಂಥ ಸಂದಿಗ್ಧದಲ್ಲಿ ಕಾಂಪೌಂಡ್ ಗೋಡೆಯ ಆಚೆಯಿಂದ ಹೆಡ್‌ಮೇಷ್ಟ್ರ ತಲೆ ಕಾಣಿಸಿಕೊಂಡಿತು. ಪಕ್ಕದ ಮನೆಯ ಹೆಡ್‌ಮೇಷ್ಟ್ರು ನಿವೃತ್ತರಾಗಿ ಎಂಟು ವರ್ಷವಾಗಿದೆ. ಗಂಟೆ ಹೊಡೆಯುವ ಅಭ್ಯಾಸ ಮಾತ್ರ ಹೋಗಿಲ್ಲ. ಬೀದಿಯ ಮಕ್ಕಳನ್ನು ತಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಪುಕ್ಕಟೆ ಗಣಿತ ಹೇಳಿಕೊಡುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ. ಅವರದು ಸಣ್ಣ ಹಸಿರು ಮಾತ್ರೆ.

"ನಿಮ್ಮದೇನು ಕೆಲಸ ಮಾಡುತ್ತೆ ಮೇಷ್ಟ್ರೇ?"

"ನನ್ನದಾ? ನೇರ ಗ್ರಂಥಿಗೇ ಹೋಗಿ ಕೋಲು ತೋರಿಸುತ್ತೆ. 'ಬಿಡು ಇನ್ಸುಲಿನ್ನ' ಅಂತ. ಗ್ರಂಥಿ ಬಾಯಿ ಮುಚ್ಕೊಂಡು ಬಿಡುತ್ತೆ."

ಅಪ್ಪನ ಕಣ್ಣು ಅರಳಿತು. "ಅಂದ್ರೆ ಸುತ್ತೋಲೆ ಹೆಚ್ಚು ಹೊರಡಿಸೋ ಮಾತ್ರೆ!"

"ಅನ್ನಿ. ಆದ್ರೆ ನನಗೆ ಇದರ ಬಗ್ಗೆ ಒಂದು ಬೇಸರ ಇದೆ ಸುತ್ತೋಲೆಯವ್ರೇ. ನಲವತ್ತು ವರ್ಷ ಕೋಲು ಹಿಡಿದು ಸಾಕಾಯ್ತು. ವಿದ್ಯಾರ್ಥಿಗಳು ತಾವಾಗೇ ಪಾಠ ಕೇಳೋ ಹಾಗೆ ಮಾಡೋ ಮಾತ್ರೆ ಇದ್ರೆ ಎಷ್ಟು ಚೆನ್ನ ಅನ್ಸುತ್ತೆ."

"ಅದು ನನ್ನ ಹತ್ರ ಇದೆ!"

ಇಬ್ಬರೂ ಗೋಡೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಅಮ್ಮ ಆಗ ಬಟ್ಟೆ ಒಣಗಹಾಕುತ್ತಿದ್ದಳು. ನಂತರ ಅವಳು ಹೇಳಿದ್ದು ಇಷ್ಟು: "ಇಬ್ರೂ ಪಿಸಿಪಿಸಿ ಅಂತಿದ್ರು. ಗಿಡದ ಬೀಜ ಬದಲಾಯಿಸ್ಕೊಳ್ತಿದ್ದಾರೆ ಅಂದ್ಕೊಂಡೆ."

ಬೇರೆ ಯಾರಾದರೂ ಆಗಿದ್ದರೆ ಎರಡು ಪಟ್ಟಿ ಮಾತ್ರೆಗಳನ್ನು ಗೋಡೆಯಾಚೆ ಈಚೆ ದಾಟಿಸಿ ಸುಮ್ಮನಾಗುತ್ತಿದ್ದರು, ನಮಗ್ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಆದರೆ ಅಪ್ಪ ಕಾಗದವಿಲ್ಲದೆ ಕೆಮ್ಮುವವರೂ ಅಲ್ಲ. ಈ ಗುಣವನ್ನು ಅಮ್ಮ ಇಪ್ಪತ್ತೈದು ವರ್ಷ ಬೈದಿದ್ದಾಳೆ. ನಾನು ಈಗ ಅದಕ್ಕೆ ದಿನಾ ಕೈ ಮುಗಿಯುತ್ತೇನೆ.

ಮೊದಲ ಮೂರು ದಿನ ಅಮೋಘವಾಗಿ ನಡೆಯಿತು, ಅಪ್ಪನ ಪಾಲಿಗೆ. ಬೆಳಿಗ್ಗೆ ಎದ್ದು ಹಸಿರು ಮಾತ್ರೆ ನುಂಗಿ, ಮೂರು ಹೊತ್ತೂ ಚೆನ್ನಾಗಿ ಊಟ ಮಾಡಿದರು. ವಾರ ಕಾಯದೆ ದಿನಾ ತಾವಾಗೇ ಬೆರಳು ಚಾಚಿದರು; ಬೆರಳ ತುದಿಯ ಸಂಖ್ಯೆ ಮೆಟ್ಟಿಲಿಳಿದಂತೆ ಧಡಧಡನೆ ಇಳಿಯಿತು. "ನೋಡಿದ್ಯಾ ಪುಟ್ಟಿ?" ಎಂದರು. ನಾನು ನೋಡಿದೆ. ಹೀಗೇಕಿಳಿಯಿತು ಎಂದು ನನ್ನ ದಿನಚರಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಕೇಳಬೇಕಿತ್ತು, ಬರೆದೆ.

ಹೆಡ್‌ಮೇಷ್ಟ್ರ ಪಾಲಿಗೆ ಅಷ್ಟು ಅಮೋಘವಾಗಿರಲಿಲ್ಲ. ಬಿಳಿ ಮಾತ್ರೆಯನ್ನು ಊಟದ ಜೊತೆ, ಮೊದಮೊದಲು ಅರ್ಧ ಅರ್ಧ ತೆಗೆದುಕೊಂಡು ಹೊಟ್ಟೆಗೆ ಒಗ್ಗಿಸಿಕೊಳ್ಳಬೇಕು. ಡಾಕ್ಟರಮ್ಮ ಅಪ್ಪನಿಗೆ ಹಾಗೇ ಮಾಡಿಸಿದ್ದರು. ಮೇಷ್ಟ್ರು ದಿನಕ್ಕೆ ಎರಡು ಇಡೀ ಮಾತ್ರೆಗಳನ್ನು ಖಾಲಿ ಹೊಟ್ಟೆಗೆ ಎಸೆದರು. ಎರಡನೆಯ ದಿನ ಜಗಲಿಯಲ್ಲಿ, "ತ್ರಿಕೋನದ ಮೂರು ಕೋನಗಳ ಮೊತ್ತ..." ಎಂದವರು ಹಠಾತ್ತನೆ ನಿಂತು, ಎತ್ತಲೋ ನೋಡಿ, ಪುಸ್ತಕ ಕೆಳಗಿಟ್ಟು ಒಳಗೆ ಓಡಿದರು. ಮತ್ತೆ ಬಂದು, "ಮೊತ್ತ..." ಎಂದರು. ಮತ್ತೆ ಓಡಿದರು. ಆ ತ್ರಿಕೋನದ ಮೊತ್ತ ಮೂರು ದಿನವಾದರೂ ತಿಳಿಯಲಿಲ್ಲ. ಮೇಷ್ಟ್ರಿಗೆ ತಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ ಎಂದು ಭಾವಿಸಿದ ಮಕ್ಕಳು, ಅವರ ಸಿಟ್ಟು ಇಳಿಯಲೆಂದು ಇಡೀ ಮಗ್ಗಿ ಬಾಯಿಪಾಠ ಮಾಡಿದರು. ಬೀದಿಯ ಹೆಂಗಸರು, "ಮೇಷ್ಟ್ರು ಈಗ ಬೈಯೋದೇ ಇಲ್ಲ, ಎದ್ದು ಹೋಗ್ಬಿಡ್ತಾರೆ. ಎಂಥ ತಾಳ್ಮೆ!" ಎಂದು ಹೊಗಳಿದರು.

ನಾಲ್ಕನೆಯ ದಿನ ಸಾಹೇಬರು ಮಧ್ಯಾಹ್ನ ಎಲ್ಲ ಶಾಖೆಗಳ ಸಭೆ ಕರೆದಿದ್ದರು. ವಿಷಯ, ಕಾಗದದ ಖರ್ಚು. ಅಪ್ಪ ಇದನ್ನು ತಮ್ಮ ಸೇವೆಗೆ ಸಿಗಲಿರುವ ಸನ್ಮಾನವೆಂದು ತಿಳಿದು, ಹಸಿರು ಮಾತ್ರೆ ನುಂಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಿಂಡಿ ಮುಟ್ಟದೆ ಹೊರಟರು. ತಿನ್ನದಿದ್ದರೆ ಸಂಖ್ಯೆ ಇನ್ನೂ ಬೇಗ ಇಳಿಯುತ್ತದೆಂಬ ಉಪಾಯವೂ ಅದರಲ್ಲಿತ್ತು. ಊಟದ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯಿತು.

ಹನ್ನೆರಡೂವರೆಗೆ ನಾನು ರಕ್ತಪರೀಕ್ಷೆಯ ಹಳೆಯ ಚೀಟಿಗಾಗಿ ಅಪ್ಪನ ಕಪಾಟು ತೆರೆದೆ. 'ಆರೋಗ್ಯ, ಸ್ವಂತ' ಎಂದು ಬರೆದ ಕಡತದಲ್ಲಿ, ದಾರ ಕಟ್ಟಿ, ಪುಟಸಂಖ್ಯೆ ಹಾಕಿದ ಒಂದು ಹಾಳೆ ಇತ್ತು:

'ವಿಷಯ: ಮಾತ್ರೆಗಳ ಪರಸ್ಪರ ವರ್ಗಾವಣೆ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹಿರಿಯ ಗುಮಾಸ್ತರ ಬಿಳಿ ಮಾತ್ರೆಯನ್ನು ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರ ಹೊಟ್ಟೆಗೂ, ಸದರಿ ಹೆಡ್‌ಮೇಷ್ಟ್ರ ಹಸಿರು ಮಾತ್ರೆಯನ್ನು ಹಿರಿಯ ಗುಮಾಸ್ತರ ಹೊಟ್ಟೆಗೂ, ಉಭಯರ ಸ್ವಂತ ಕೋರಿಕೆಯ ಮೇರೆಗೆ, ಹದಿನೈದು ದಿನಗಳ ಅವಧಿಗೆ ವರ್ಗಾಯಿಸಲಾಗಿದೆ. ಸ್ವಂತ ಕೋರಿಕೆಯಾದ್ದರಿಂದ ವರ್ಗಾವಣೆ ಭತ್ಯೆಗೆ ಅವಕಾಶವಿರುವುದಿಲ್ಲ. ಪ್ರತಿ: ಕಡತಕ್ಕೆ.'

ಕೆಳಗೆ ಎರಡು ಸಹಿ. ಮೇಷ್ಟ್ರು ತಮ್ಮ ಸಹಿಯ ಮುಂದೆ ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಷರಾ ಬರೆದಿದ್ದರು.

ನಾನು ಅಡುಗೆಮನೆಗೆ ಓಡಿ, "ಅಮ್ಮಾ, ಅಪ್ಪ ಬೆಳಿಗ್ಗೆ ತಿಂಡಿ ತಿಂದ್ರಾ?" ಎಂದೆ.

"ಎಲ್ಲಿ ತಿಂದ್ರು? ಸನ್ಮಾನದಲ್ಲಿ ಹೊಟ್ಟೆ ತುಂಬುತ್ತೆ ಅಂದ್ರು."

ಹಸಿರು ಮಾತ್ರೆ ಹೊಟ್ಟೆಯಲ್ಲಿ ಊಟವಿದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ತಿನ್ನದೆ ಕೂತವರ ರಕ್ತದಲ್ಲಿ ಸಕ್ಕರೆ ಬಾವಿಯ ತಳ ಕಾಣುವಷ್ಟು ಇಳಿದುಬಿಡುತ್ತದೆ. ಇದು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿತ್ತು. ನನಗೆ ಐದಕ್ಕೆ ಐದು ಬಂದಿತ್ತು. ನಾನು ಊಟದ ಡಬ್ಬಿ ಎತ್ತಿಕೊಂಡು, ಎರಡು ಬೀದಿ ಆಚೆಗಿದ್ದ ಕಚೇರಿಗೆ, ನನ್ನ ಚಪ್ಪಲಿ ಬದಲಿಗೆ ಅಮ್ಮನ ಬಚ್ಚಲಮನೆ ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಅಲ್ಲಿ ಅಷ್ಟರಲ್ಲಾಗಲೇ ಇತಿಹಾಸ ಸೃಷ್ಟಿಯಾಗಿತ್ತು. ಇದನ್ನು ಅಟೆಂಡರ್ ಅಕ್ಕ ಆಮೇಲೆ ನನಗೆ ನಟಿಸಿ ತೋರಿಸಿದರು.

ಸಾಹೇಬರು, "ಕಳೆದ ವರ್ಷ ಕಾಗದದ ಖರ್ಚು ದುಪ್ಪಟ್ಟಾಗಿದೆ" ಎಂದು ಶುರು ಮಾಡಿದರಂತೆ. ಯಾವಾಗಲೂ ಸಾಹೇಬರ ನೆರಳು ಕಂಡರೂ ಎದ್ದು ನಿಲ್ಲುವ ಅಪ್ಪ, ಕೂತಲ್ಲಿಂದಲೇ, "ಸಾಕು, ಕೂತ್ಕೊಳ್ಳಿ" ಎಂದರಂತೆ.

ಸಾಹೇಬರು ಕೂತುಬಿಟ್ಟರಂತೆ.

ಅಪ್ಪನ ಮುಖದಲ್ಲಿ ಬೆವರು ಹರಿಯುತ್ತಿತ್ತು, ಕೈ ನಡುಗುತ್ತಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು. ಕಂಡವರೆಲ್ಲ ಅದನ್ನು ಇಪ್ಪತ್ತಾರು ವರ್ಷ ತಡೆದ ಸಾತ್ವಿಕ ಕೋಪವೆಂದು ತಿಳಿದರು. "ಗುಮಾಸ್ತ ಅಂದ್ರೆ ಹೀಗಿರ್ಬೇಕು ನೋಡು" ಎಂದು ಲೆಕ್ಕಶಾಖೆಯವರು ಪಿಸುಗುಟ್ಟಿದರು. ಅಪ್ಪ ಎದ್ದು, 'ಸ್ವೀಕರಿಸಲಾಗಿದೆ' ಎಂಬ ರಬ್ಬರ್ ಮುದ್ರೆಯನ್ನು ತೆಗೆದುಕೊಂಡು, ಮೊದಲು ಮೇಜಿಗೆ, ಆಮೇಲೆ ನೀರಿನ ಹೂಜಿಗೆ, ಕೊನೆಗೆ ಸಾಹೇಬರ ಬಿಳಿ ಅಂಗಿಯ ತೋಳಿಗೆ ಒತ್ತಿದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ಸ್ಟೋರ್ ಕೀಪರ್.

ನಾನು ಬಾಗಿಲಿಗೆ ಬಂದಾಗ ಅಪ್ಪ ಮುದ್ರೆಯನ್ನು ತಮ್ಮ ಹಣೆಗೇ ಒತ್ತಿಕೊಳ್ಳಲು ಪ್ರಯತ್ನಿಸುತ್ತಿದ್ದರು. ಅದು ಹಣೆ ಸಿಗದೆ ಕಿವಿಗೆ ತಾಗುತ್ತಿತ್ತು.

"ಸಕ್ಕರೆ!" ಎಂದು ಕೂಗಿದೆ. ಆ ದನಿ ನನ್ನದೇ ಎಂದು ತಿಳಿಯಲು ನನಗೂ ಒಂದು ಕ್ಷಣ ಬೇಕಾಯಿತು. "ಅಪ್ಪನಿಗೆ ಸಕ್ಕರೆ ಇಳಿದುಬಿಟ್ಟಿದೆ! ಈಗಲೇ ಬೇಕು, ಡಬ್ಬಿಯ ಅನ್ನ ಅಗಿದು ಕರಗೋಕೆ ಹೊತ್ತಾಗುತ್ತೆ! ಯಾರ ಹತ್ರಾನಾದ್ರೂ ಸಕ್ಕರೆ ಇದ್ರೆ ಕೊಡಿ!"

ಆರೂ ಶಾಖೆಯ ಮುಖ್ಯಸ್ಥರು ಒಮ್ಮೆ ಸಾಹೇಬರನ್ನು ನೋಡಿದರು, ಒಮ್ಮೆ ಅಪ್ಪನನ್ನು ನೋಡಿದರು. ಮುನ್ನೂರ ಆರನೆಯ ಸುತ್ತೋಲೆಯ ಕರ್ತೃ ಎದುರಿಗೇ ನಿಂತಿದ್ದರು, ಅದಕ್ಕೆ ರುಜು ಹಾಕಿದವರು ಪಕ್ಕದಲ್ಲೇ ಕೂತಿದ್ದರು. ಸುತ್ತೋಲೆಯನ್ನು ಓದದಿದ್ದರೂ ಅದರ ಇರುವೆಗಳ ಸಾಲನ್ನು ಅಪ್ಪನ ಬಾಯಲ್ಲಿ ಎಲ್ಲರೂ ಕೇಳಿದ್ದರು.

"ನಮ್ಮ ಶಾಖೆಯಲ್ಲಿ ಸಕ್ಕರೆ ಎಲ್ಲಿಂದ ಬರ್ಬೇಕಮ್ಮ," ಎಂದರು ಲೆಕ್ಕಶಾಖೆಯವರು. "ಸುತ್ತೋಲೆ ಬಂದ ದಿನವೇ ತೆಗೆಸಿಬಿಟ್ವಿ."

"ನಾವು ಟೀನೇ ಕುಡಿಯಲ್ಲ," ಎಂದರು ನಕ್ಷೆಶಾಖೆಯವರು, ಕೈಯಲ್ಲಿದ್ದ ಲೋಟವನ್ನು ಬೆನ್ನ ಹಿಂದೆ ಸರಿಸುತ್ತ.

"ಸಕ್ಕರೆ ಅಂದ್ರೆ ಯಾವ ಬಣ್ಣ ಇರುತ್ತೆ ಅನ್ನೋದೇ ಮರ್ತುಹೋಗಿದೆ," ಎಂದ ಸ್ಟೋರ್ ಕೀಪರ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಗೆ, ಮಾತಾಡುತ್ತಿದ್ದವರೆಲ್ಲರ ಕಣ್ಣು ಅವರವರ ಕಪಾಟಿನತ್ತಲೇ ಹೋಗುತ್ತಿತ್ತು. ಅಪ್ಪ ಕುರ್ಚಿಗೆ ಕುಸಿದರು.

"ನಿಮ್ಮ ಸಹಿಗಿಷ್ಟು ಬೆಂಕಿ ಬೀಳ!" ಎಂದು ಅಟೆಂಡರ್ ಅಕ್ಕ ಎದ್ದರು. "ಅಣ್ಣ ಹೋಗೋ ಹೊತ್ತಲ್ಲೂ ಶಿಸ್ತು ತೋರಿಸ್ತೀರಲ್ಲ!" ಎನ್ನುತ್ತ ಲೆಕ್ಕಶಾಖೆಯ ಕಪಾಟನ್ನು ದಢಾರನೆ ತೆಗೆದು, 'ಶಾಶ್ವತ ದಾಖಲೆ' ಎಂಬ ಕಟ್ಟಿನ ಹಿಂದೆ ಕೈ ಹಾಕಿ, ಮೊಳಕೈವರೆಗೆ ಒಳಗೆ ತೂರಿ, ಒಂದು ಸ್ಟೀಲ್ ಡಬ್ಬಿಯನ್ನು ಹೊರಗೆಳೆದರು. ಆಮೇಲೆ ನೋಡಬೇಕಿತ್ತು! ಕಟ್ಟೆಯೊಡೆದಂತೆ ಒಂದೊಂದೇ ಕಪಾಟು ತೆರೆಯಿತು. ನಕ್ಷೆಯ ಸುರುಳಿಯೊಳಗಿಂದ ಒಂದು ಡಬ್ಬಿ, ದೂರು ಅರ್ಜಿಗಳ ಕೆಳಗಿನಿಂದ ಒಂದು, ಬಾಕಿ ಕಡತಗಳ ನಡುವಿನಿಂದ ಎರಡು. ಸ್ಟೋರ್ ಕೀಪರ್ ಉಗ್ರಾಣಕ್ಕೆ ಓಡಿ ಐದು ಕಿಲೋ ಹಿಡಿಯುವ ಡಬ್ಬವನ್ನು ತಬ್ಬಿಕೊಂಡು ಬಂದು, "ಸಾರ್, ನಿಮ್ಮ ಯಕೃತ್ತು ಬಂದಿದ್ದೀನಿ ಸಾರ್!" ಎಂದು ಅಳತೊಡಗಿದ.

ಅಪ್ಪನಿಗೆ ನುಂಗುವ ಎಚ್ಚರ ಇನ್ನೂ ಇತ್ತು. ಸಾಹೇಬರೇ ತಮ್ಮ ಲೋಟದಲ್ಲಿ ನೀರು ಕೊಟ್ಟರು. ಮೂರು ಚಮಚ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ಹತ್ತು ನಿಮಿಷಕ್ಕೆ ಬೆವರು ನಿಂತಿತು. ಹದಿನೈದಕ್ಕೆ ಕಣ್ಣು ಜಾಗಕ್ಕೆ ಬಂತು. ಡಬ್ಬಿಯ ಅನ್ನವನ್ನು ಅಕ್ಕ ಕಲಸಿ ಕೊಟ್ಟರು, ತಿಂದರು. ಆಮೇಲೆ ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡು, ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಡಬ್ಬಿಗಳನ್ನು ಬೆರಳು ತೋರಿಸಿ ಎಣಿಸಿದರು.

"ಆರು ಸಹಿ," ಎಂದರು. ಕೊನೆಯ ಡಬ್ಬಿಯ ಮುಚ್ಚಳ ತಟ್ಟಿ, "ಆರು ಡಬ್ಬಿ."

ಯಾರೂ ತಲೆ ಎತ್ತಲಿಲ್ಲ. ಸಾಹೇಬರು ತಮ್ಮ ತೋಳಿನ ಮೇಲಿದ್ದ 'ಸ್ವೀಕರಿಸಲಾಗಿದೆ'ಯನ್ನು ಓದುತ್ತಿದ್ದರು.

ಹಸಿರು ಮಾತ್ರೆಯ ಪ್ರಭಾವ ಒಂದು ಲೋಟ ಸಕ್ಕರೆ ನೀರಿಗೆ ಮುಗಿಯುವಂಥದ್ದಲ್ಲ, ಮತ್ತೆ ಇಳಿಯಬಹುದು. ಸಾಹೇಬರ ಜೀಪಿನಲ್ಲೇ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಒಂದು ಹಗಲು ಒಂದು ರಾತ್ರಿ ನಿಗಾ. ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ಯಾವ ಸೂಜಿ ತಪ್ಪಿಸಲೆಂದು ಅಪ್ಪ ಇಷ್ಟೆಲ್ಲ ಮಾಡಿದ್ದರೋ ಅದೇ ಸೂಜಿ. ಅಪ್ಪ ಅದನ್ನು ನೋಡಿದರು. ಮೂರ್ಛೆ ಹೋಗಲಿಲ್ಲ. "ಇಷ್ಟೇನಾ?" ಎಂದರು. ಪಕ್ಕದ ಮಂಚದಲ್ಲಿ ಹೆಡ್‌ಮೇಷ್ಟ್ರು ಮಲಗಿದ್ದರು. ಅವರಿಗೆ ಮೈಯಲ್ಲಿ ನೀರು ಕಡಿಮೆಯಾಗಿ, ಸಕ್ಕರೆ ಏರಿ ಕೂತಿತ್ತು.

ಡಾಕ್ಟರಮ್ಮ ಇಬ್ಬರ ಮಂಚದ ನಡುವೆ ನಿಂತು ವರ್ಗಾವಣೆ ಆದೇಶವನ್ನು ಓದಿದರು. ನಗಬಾರದೆಂದು ಬಹಳ ಕಷ್ಟಪಟ್ಟರು, ಆಗಲಿಲ್ಲ. ನಕ್ಕಾದ ಮೇಲೆ ಬೈದರು.

"ಮೇಷ್ಟ್ರೇ, ನಿಮ್ಮ ಗ್ರಂಥಿ ಹತ್ತು ವರ್ಷದಿಂದ ಮೆತ್ತಗಾಗಿದೆ. ಅದಕ್ಕೆ ಕೋಲು ಬೇಕು, ಹಸಿರು ಮಾತ್ರೆ ಬೇಕು. ಮೂರು ಹೊತ್ತು ತಪ್ಪದೇ ಊಟ ಮಾಡ್ತೀರಿ ಅಂತ ಗೊತ್ತಿದ್ದೇ ಕೊಟ್ಟಿದ್ದು. ಗುಮಾಸ್ತ್ರೇ, ನಿಮ್ಮ ಗ್ರಂಥಿಗೆ ಏನೂ ಆಗಿಲ್ಲ. ಅದು ಬರೆದದ್ದನ್ನ ಓದೋರಿಲ್ಲ ಅಷ್ಟೆ. ಓದಿಸೋ ಮಾತ್ರೆ ಕೊಟ್ರೆ, ನೀವು ಇನ್ನೂ ಬರೆಸೋ ಮಾತ್ರೆ ತಗೊಂಡ್ರಿ. ಒಬ್ಬರ ಔಷಧಿ ಇನ್ನೊಬ್ಬರಿಗೆ ಅಂಗಿ ಬದಲಾಯಿಸಿದ ಹಾಗಲ್ಲ. ಅವತ್ತು ಕೇಳಿದ್ರಿ, ಸಹಿ ಹಾಕಿ ಕೆಲಸ ಮಾಡದ ಕಚೇರಿ ಎಲ್ಲಾದ್ರೂ ಇರುತ್ತಾ ಅಂತ."

"ಇರುತ್ತೆ ಡಾಕ್ಟರಮ್ಮ," ಎಂದರು ಅಪ್ಪ, ಗೋಡೆಯತ್ತ ತಿರುಗಿ. "ಅದಕ್ಕೆ ಆರು ಶಾಖೆ ಇರುತ್ತೆ."

ಅವತ್ತು ಸಂಜೆ ಆರೂ ಶಾಖೆಯವರು ಆಸ್ಪತ್ರೆಗೆ ಬಂದರು. ಒಬ್ಬರ ಹಿಂದೊಬ್ಬರು ಮಂಚದ ಪಕ್ಕ ನಿಂತು, ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿದರು. ಅಪ್ಪ ಬೈಯಲಿಲ್ಲ. "ಊಟ ಆಯ್ತಾ?" ಎಂದು ಎಲ್ಲರನ್ನೂ ಕೇಳಿದರು. ಇದು ಬೈಗುಳಕ್ಕಿಂತ ಹೆಚ್ಚು ನಾಟಿತು. ಸ್ಟೋರ್ ಕೀಪರ್ ಮತ್ತೆ ಅತ್ತ.

ಮುಂದಿನ ಮೂರು ತಿಂಗಳು ಅಪ್ಪ ಬಿಳಿ ಮಾತ್ರೆಯನ್ನು ಊಟದ ಜೊತೆ ತಪ್ಪದೆ ತೆಗೆದುಕೊಂಡರು. ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದರು. ಒಂದು ವಾರದಲ್ಲಿ ಹೆಡ್‌ಮೇಷ್ಟ್ರು 'ಹಾಜರ್' ಎಂದು ಜೊತೆಗೂಡಿದರು. ಎರಡನೇ ವಾರದಲ್ಲಿ ಸ್ಟೋರ್ ಕೀಪರ್ ಬಂದ, ಅಟೆಂಡರ್ ಅಕ್ಕ ಬಂದರು. ಆಮೇಲೆ ಸಾಹೇಬರೂ ಬಂದರು. ಸಾಹೇಬರು ತಪಾಸಣೆ ಮಾಡಿಸಿಕೊಂಡಿದ್ದರಂತೆ. ಅವರದು ಎಂಟೂ ಚಿಲ್ಲರೆಯಂತೆ. ಆ ಮೂರು ತಿಂಗಳಲ್ಲಿ ಅಪ್ಪ ಒಂದೇ ಒಂದು ಸುತ್ತೋಲೆಯನ್ನೂ ಹೊರಡಿಸಲಿಲ್ಲ. ಹೇಳಬೇಕಾದ್ದನ್ನು ನಡೆಯುವಾಗ ಒಂದು ಮಾತಿನಲ್ಲಿ ಹೇಳುತ್ತಿದ್ದರು. ವಿಚಿತ್ರವೆಂದರೆ ಕೆಲಸ ಆಗುತ್ತಿತ್ತು. ಒಂದು ದಿನ ಮಳೆ ಬಂತು, ಕಡತಗಳ ಮೇಲೆ ಒಂದೂ ಛತ್ರಿ ಬಿಚ್ಚಿರಲಿಲ್ಲ. ಅಪ್ಪ ಮನೆಗೆ ಬಂದು ಅಮ್ಮನಿಗೆ ಇದನ್ನು ಎರಡು ಸಲ ಹೇಳಿದರು. ಅಮ್ಮ ಎರಡು ಸಲವೂ ಕೇಳಿಸಿಕೊಂಡಳು.

ವರದಿ ತರಲು ನಾನೇ ಹೋಗಿದ್ದೆ. ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು. ಗೋಡೆಯಾಚೆ ಮೇಷ್ಟ್ರು, ಅವರ ಹಿಂದೆ ಮಗ್ಗಿ ಕಲಿತ ಅಷ್ಟೂ ಮಕ್ಕಳು.

"ಏಳು ಪಾಯಿಂಟ್ ಒಂದು!" ಎಂದೆ. ಬೀದಿಯ ಕೊನೆಯ ಮನೆಯವರೂ ಹೊರಬಂದು ಏನಾಯಿತೆಂದು ಕೇಳಿದರು.

ಅಪ್ಪ ಒಳಗೆ ಹೋಗಿ, ಮೇಜಿನ ಮುಂದೆ ಕೂತು, ಪೆನ್ನಿನ ಮುಚ್ಚಳ ತೆಗೆದರು. ಅಮ್ಮ ಹಣೆ ಚಚ್ಚಿಕೊಂಡು, "ಶುರುವಾಯ್ತು" ಎಂದಳು. ಮರುದಿನ ಸಾಹೇಬರ ರುಜುವಿನೊಂದಿಗೆ ಹೊರಬಿದ್ದದ್ದು ಇದು:

'ಸುತ್ತೋಲೆ ಸಂಖ್ಯೆ ೪೧೩. ವಿಷಯ: ಸುತ್ತೋಲೆ ಸಂಖ್ಯೆ ೩೦೬ನ್ನು ಪಾಲಿಸದಿರುವ ಬಗ್ಗೆ. ಸದರಿ ಸುತ್ತೋಲೆಯನ್ನು ಆರೂ ಶಾಖೆಗಳು ಏಕಪ್ರಕಾರವಾಗಿ ಪಾಲಿಸದೇ ಇದ್ದ ಕಾರಣ ಹಿರಿಯ ಗುಮಾಸ್ತರು ಜೀವಂತವಾಗಿದ್ದು, ಈ ಬಗ್ಗೆ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸಲಾಗಿದೆ. ಡಬ್ಬಿಗಳನ್ನು ಇದ್ದಲ್ಲಿಯೇ ಇಡತಕ್ಕದ್ದು. ಮುಚ್ಚಳ ಬಿಗಿಯಾಗಿರಲಿ. ಇರುವೆಗಳ ವಿಷಯದಲ್ಲಿ ಕಚೇರಿಯ ಅಭಿಪ್ರಾಯ ಬದಲಾಗಿರುವುದಿಲ್ಲ.'

ಟಪಾಲು ಪುಸ್ತಕ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ವಾಪಸಾಗುತ್ತದೆ. ಅಂದು ಮಧ್ಯಾಹ್ನವಾದರೂ ಬರಲಿಲ್ಲ, ಮೂರಾದರೂ ಬರಲಿಲ್ಲ. ಅಪ್ಪ ನಾಲ್ಕು ಸಲ ಕನ್ನಡಕ ಒರೆಸಿಕೊಂಡರಂತೆ. ಕಚೇರಿ ಮುಚ್ಚುವ ಹೊತ್ತಿಗೆ ಅಟೆಂಡರ್ ಅಕ್ಕ ಪುಸ್ತಕ ತಂದು ಮೇಜಿನ ಮೇಲಿಟ್ಟು, "ನಾನೇನ್ ಮಾಡ್ಲಿ ಅಣ್ಣಾ? ಯಾರೂ ಬೇಗ ಕೊಡ್ಲೇ ಇಲ್ಲ. ಓದ್ತಾ ಕೂತಿದ್ರು" ಎಂದರಂತೆ.

ಲೆಕ್ಕಶಾಖೆಯವರು ಓದಿ ಹಿಂದಿರುಗಿಸಿದ ಪ್ರತಿಯನ್ನು ಅಪ್ಪ 'ಕಡತಕ್ಕೆ' ಎಂದು ಮನೆಗೆ ತಂದರು. ನಾನು ಕೇಳಿ ತೆಗೆದುಕೊಂಡೆ, ದಿನಚರಿಯಲ್ಲಿ ಅಂಟಿಸೋಣವೆಂದು. ದೀಪದ ಕೆಳಗೆ ಹಿಡಿದು ನೋಡಿದೆ. ಎಲ್ಲೂ ಟೀ ಲೋಟದ ಗುರುತಿರಲಿಲ್ಲ. ಒಂದು ಇರುವೆ ಮಾತ್ರ ಇತ್ತು. ಅದು 'ವಿಷಯ'ದಿಂದ ಶುರು ಮಾಡಿ, ಒಂದು ಸಾಲು ಮುಗಿಸಿ, ಮತ್ತೊಂದು ಸಾಲಿಗೆ ಇಳಿದು, ನಿಧಾನವಾಗಿ, ಎಲ್ಲೂ ಬಿಡದೆ ಕೆಳಗಿನ ತನಕ ನಡೆಯಿತು.